ಕಾಯಿನ್ ಹಾಕಿದ್ರೆ ಮಾತ್ರ ಕರೆಂಟ್ ಕೊಡೋ ಹಳೇ ಮೀಟರ್, ಎಲೆಕ್ಟ್ರಾನಿಕ್ಸ್ ಇಲ್ದೆ ಲೆಕ್ಕ ಹೇಗೆ ಇಡ್ತಿತ್ತು?

ಸ್ಕ್ರೂಡ್ರೈವರ್ ಸೀನ:

ಎಲ್ರಿಗೂ ನಮಸ್ಕಾರ. ಹಳೇ ಸಾಮಾನು ಕೂಡಿಡೋ ಚಟ ನಂಗೆ, ಈ ಸಲ ಕೈಗೆ ಬಂದಿರೋದು ಬ್ರಿಟನ್ನಿನ ಒಂದು ಕಾಯಿನ್ ಮೀಟರ್. ಶಿಲ್ಲಿಂಗ್ ಅನ್ನೋ ಅಲ್ಲಿನ ಹಳೇ ನಾಣ್ಯ ಹಾಕಿದ್ರೆ ಮನೆಗೆ ಕರೆಂಟ್ ಬಿಡೋದು, ಹಾಕಿದ ದುಡ್ಡಿನಷ್ಟು ಉರಿದ ಮೇಲೆ ತಾನೇ ಕಟ್ ಮಾಡೋದು, ಆ ಟೈಪು. ಎಡಗಡೆ ನಾವೆಲ್ಲ ನೋಡಿರೋ ಹಾಗೆ ತಿರುಗೋ ಅಲ್ಯೂಮಿನಿಯಂ ತಟ್ಟೆ, ಬಲಗಡೆ ಒಂದು ಹಿತ್ತಾಳೆ ಹಿಡಿಕೆ, ಅದರ ತಲೆ ಮೇಲೆ ನಾಣ್ಯ ತೂರಿಸೋ ಸೀಳು, ಕೆಳಗೆ ಬೀಗ ಹಾಕೋ ದುಡ್ಡಿನ ಡಬ್ಬಿ. ಇನ್ನೂ ಬಿಚ್ಚಿಲ್ಲ, ಬಿಚ್ಚೋ ಮುಂಚೆ ತಿಳ್ಕೊಂಡು ಬಿಚ್ಚೋಣ ಅಂತ.

ಹಿಡಿಕೆ ಸುಮ್ನೆ ತಿರುಗಿಸಿದ್ರೆ ಲಬಲಬ ಅಂತ ಖಾಲಿ ತಿರುಗುತ್ತೆ, ಏನೂ ಆಗಲ್ಲ. ಅಂದ್ರೆ ನಾಣ್ಯ ಇದೆಯೋ ಇಲ್ವೋ ಅನ್ನೋದು ಅದಕ್ಕೆ ಗೊತ್ತಾಗುತ್ತೆ, ಹೇಗೆ? ಮೂರು ನಾಣ್ಯ ಒಟ್ಟಿಗೆ ಹಾಕಿಟ್ರೆ ಮೂರರಷ್ಟೂ ನೆನಪಿಟ್ಕೊಳ್ಳುತ್ತೆ ಅಂತಾರೆ, ಆ ನೆನಪು ಎಲ್ಲಿರುತ್ತೆ? ಆಮೇಲೆ ಯೂನಿಟ್ ರೇಟ್ ಜಾಸ್ತಿ ಆದ್ರೆ ಇಡೀ ಮೀಟರ್ರೇ ಬದಲಾಯಿಸ್ತಿದ್ರಾ? ಚಿಪ್ಪು ಬ್ಯಾಟರಿ ಏನೂ ಇಲ್ದೇ ಇಷ್ಟೆಲ್ಲ ಮಾಡೋದು ನೋಡಿ ತಲೆ ಕೆಟ್ಟೋಗಿದೆ, ಗೊತ್ತಿರೋರು ಬಿಡಿಸಿ ಹೇಳಿ.

ಪುರಾತನ ಪಾಂಡು:

ನಾಣ್ಯದ ತೂಕ ಇರ್ಬೇಕು ಸೀನ. ಅಲೆಕ್ಸಾಂಡ್ರಿಯಾದ ಹೀರೋ ಅಂತ ಒಬ್ಬ ಇದ್ದ, ಕ್ರಿಸ್ತಶಕ ಒಂದನೇ ಶತಮಾನದೋನು, ಅವ್ನು ಬರೆದಿಟ್ಟಿರೋ ಯಂತ್ರಗಳಲ್ಲಿ ದೇವಸ್ಥಾನದ ತೀರ್ಥದ ಯಂತ್ರ ಒಂದಿದೆ. ನಾಣ್ಯ ಹಾಕಿದ್ರೆ ಅದು ಹೋಗಿ ಒಂದು ಸಣ್ಣ ತಟ್ಟೆ ಮೇಲೆ ಬೀಳುತ್ತೆ, ಆ ಭಾರಕ್ಕೆ ಸನ್ನೆ ವಾಲಿ ಮುಚ್ಚಳ ತೆರೆಯುತ್ತೆ, ನೀರು ಬರುತ್ತೆ, ನಾಣ್ಯ ಜಾರಿ ಬಿದ್ದ ಕೂಡ್ಲೆ ಮುಚ್ಕೊಳ್ಳುತ್ತೆ. ಎರಡು ಸಾವಿರ ವರ್ಷದ ಹಿಂದೇನೇ ಇಷ್ಟು ಮಾಡಿದ್ರು ಅಂದ್ಮೇಲೆ ಇದೂ ಅದೇ ಐಡಿಯಾ ಇರುತ್ತೆ.

ಮೀಟರ್ ಮೇಷ್ಟ್ರು:

ಪಾಂಡು ಅವ್ರೇ, ಹೀರೋ ಯಂತ್ರ ಚೆನ್ನಾಗೇ ಇದೆ, ಆದ್ರೆ ಅದಕ್ಕೆ ನೆನಪೇ ಇಲ್ವಲ್ಲ. ನಾಣ್ಯ ಜಾರೋ ತನಕ ನೀರು, ಆಮೇಲೆ ಇಲ್ಲ, ಕೆಳಗೆ ಪಾತ್ರೆ ಹಿಡಿದ್ರೋ ಬಿಟ್ರೋ ಅದಕ್ಕೆ ಸಂಬಂಧ ಇಲ್ಲ. ಮೀಟರಿಗೆ ಬೇಕಿರೋದು ಬೇರೆ. ದುಡ್ಡು ಇವತ್ತು ಹಾಕ್ತಾರೆ, ಕರೆಂಟ್ ನಾಳೆ ಉರಿಸ್ತಾರೆ, ಅದೂ ಬಿಟ್ಟು ಬಿಟ್ಟು, ಮಧ್ಯೆ ಇನ್ನೆರಡು ನಾಣ್ಯ ಹಾಕ್ತಾರೆ. ಹಾಗಾಗಿ ಒಂದು ಕಡೆಯಿಂದ ಕೂಡಿಸ್ತಾ ಇನ್ನೊಂದು ಕಡೆಯಿಂದ ಕಳೀತಾ ಇರೋ ಸಾಧನ ಬೇಕು, ಎರಡೂ ಒಂದಕ್ಕೊಂದು ಅಡ್ಡ ಬರಬಾರ್ದು. ತೂಕದ ಕೆಲಸ ಇಲ್ಲಿ ಏನೂ ಇಲ್ಲ.

ಮೊದಲು ಹಿಡಿಕೆ ವಿಷಯ. ಹಿಡಿಕೆಗೂ ಒಳಗಿನ ಗೇರಿಗೂ ನೇರ ಕನೆಕ್ಷನ್ ಇರಲ್ಲ, ಮಧ್ಯೆ ಬೇಕಂತಲೇ ಒಂದು ಕೊಂಡಿ ಬಿಟ್ಟಿರ್ತಾರೆ. ಆ ಕೊಂಡಿಯೇ ನಾಣ್ಯ. ಸೀಳಿನೊಳಗೆ ನಾಣ್ಯ ಹೋಗಿ ಅದರ ಗೂಡಲ್ಲಿ ಕೂತಾಗ ಅಂಚು ಒಂಚೂರು ಹೊರಗೆ ಚಾಚ್ಕೊಂಡಿರುತ್ತೆ, ಹಿಡಿಕೆ ತಿರುಗಿಸಿದ್ರೆ ಆ ಅಂಚು ಒಳಗಿನ ಚಕ್ರದ ಪಿನ್ನಿಗೆ ತಾಗಿ ಅದನ್ನ ದಬ್ಕೊಂಡು ಹೋಗುತ್ತೆ. ಇಷ್ಟು ಕೋನ ತಿರುಗಿದ ಮೇಲೆ ಗೂಡಿನ ಬಾಯಿ ಕೆಳಮುಖ ಆಗುತ್ತೆ, ನಾಣ್ಯ ಡಬ್ಬಿಗೆ ಠಣ್ ಅಂತ ಬೀಳುತ್ತೆ, ಕೊಂಡಿ ಮತ್ತೆ ಮಾಯ. ವಾಪಸ್ ತಿರುಗಿಸಿ ನಾಣ್ಯ ಈಚೆ ತೆಗೆಯೋಣ ಅಂದ್ರೆ ಒಂದೇ ದಿಕ್ಕಿಗೆ ತಿರುಗೋಕೆ ಬಿಡೋ ರ‍್ಯಾಚೆಟ್ ಬಿಡಲ್ಲ. ಸಣ್ಣ ನಾಣ್ಯ ಹಾಕಿದ್ರೆ ಅಂಚು ಪಿನ್ನಿನ ತನಕ ಮುಟ್ಟೋದೇ ಇಲ್ಲ, ದೊಡ್ಡದು ಸೀಳಿನಲ್ಲೇ ಹೋಗಲ್ಲ. ಅಂದ್ರೆ ಅದು ನಾಣ್ಯವನ್ನ ಗುರುತು ಹಿಡಿಯೋದೂ ಇಲ್ಲ ಏನೂ ಇಲ್ಲ, ಸರಿಯಾದ ಅಗಲದ ಒಂದು ಬಿಲ್ಲೆ ಸಿಕ್ಕಿದ್ರೆ ಸಾಕು. ಅದಕ್ಕೇ ಕಳ್ಳಾಟಗಳೂ ಇದ್ವು, ಕಬ್ಬಿಣದ ವಾಷರು, ಬೇರೆ ದೇಶದ ಚಿಲ್ಲರೆ ಎಲ್ಲ ಡಬ್ಬಿಯಲ್ಲಿ ಸಿಗ್ತಿದ್ವು.

ಇನ್ನು ನೆನಪು. ಅದು ಇರೋದು ಡಿಫರೆನ್ಷಿಯಲ್ ಗೇರಿನಲ್ಲಿ, ಕಾರಿನ ಹಿಂದಿನ ಆಕ್ಸಲ್ಲಿನಲ್ಲಿ ಇರುತ್ತಲ್ಲ ಅದೇ ತತ್ವ, ಇಲ್ಲಿ ಬೆರಳುಗಾತ್ರ ಅಷ್ಟೇ. ಎದುರುಬದುರು ಎರಡು ಚಕ್ರ, ಮಧ್ಯೆ ಎರಡಕ್ಕೂ ಹಲ್ಲು ಕಚ್ಕೊಂಡಿರೋ ಒಂದು ಪುಟ್ಟ ಗೇರು, ಆ ಪುಟ್ಟ ಗೇರನ್ನ ಹೊತ್ತಿರೋದು ಒಂದು ತೋಳು. ಒಂದು ಬದಿ ಚಕ್ರವನ್ನ ನಾಣ್ಯದ ಹಿಡಿಕೆ ಮುಂದಕ್ಕೆ ತಿರುಗಿಸುತ್ತೆ, ಇನ್ನೊಂದು ಬದಿ ಚಕ್ರವನ್ನ ಮೀಟರಿನ ತಟ್ಟೆ, ಸಾಲು ಗೇರುಗಳ ಮೂಲಕ, ಹಿಂದಕ್ಕೆ ತಿರುಗಿಸುತ್ತೆ. ತೋಳು ಎಲ್ಲಿ ನಿಲ್ಲುತ್ತೆ ಅಂದ್ರೆ ಎರಡರ ವ್ಯತ್ಯಾಸದ ಅರ್ಧದಲ್ಲಿ. ಅದಕ್ಕೆ ಒಂದು ಮುಳ್ಳು ಸಿಕ್ಕಿಸಿದ್ರೆ ಉಳಿದಿರೋ ದುಡ್ಡು ಕಣ್ಣಿಗೇ ಕಾಣುತ್ತೆ. ಕೂಡೋದು ಕಳೆಯೋದು ಒಟ್ಟಿಗೆ ನಡೆದ್ರೂ, ಹೀಟರ್ ಉರೀತಾ ಇರೋವಾಗಲೇ ನಾಣ್ಯ ಹಾಕಿದ್ರೂ, ಒಂದು ಹಲ್ಲೂ ತಪ್ಪಲ್ಲ. ಕರೆಂಟ್ ಹೋಗಿ ವಾರ ಬಿಟ್ಟು ಬಂದ್ರೂ ತೋಳು ಇದ್ದಲ್ಲೇ ಇರುತ್ತೆ.

ಲೆಕ್ಕ ಹಾಕಿ ನೋಡಿ. ಒಂದು ನಾಣ್ಯಕ್ಕೆ 2 ಯೂನಿಟ್, ತಟ್ಟೆ ಒಂದು ಯೂನಿಟ್ಟಿಗೆ 200 ಸುತ್ತು ಅಂತಿಟ್ಕೊಳ್ಳಿ. ನಾಣ್ಯ ಹಾಕಿ ತಿರುಗಿಸಿದಾಗ ನಾಣ್ಯದ ಬದಿ ಚಕ್ರ ಹತ್ತನೇ ಒಂದು ಸುತ್ತು ಮುಂದೆ ಹೋಯ್ತು ಅನ್ನಿ, ತೋಳು ಅದರ ಅರ್ಧ. ಈಗ ತಟ್ಟೆ 400 ಸುತ್ತು ಮುಗಿಸೋ ಹೊತ್ತಿಗೆ ಮೀಟರ್ ಬದಿ ಚಕ್ರವೂ ಹತ್ತನೇ ಒಂದು ಸುತ್ತು ಹಿಂದೆ ಬಂದಿರ್ಬೇಕು, ಅಂದ್ರೆ ತಟ್ಟೆಯ 4000 ಸುತ್ತಿಗೆ ಈ ಚಕ್ರದ್ದು ಒಂದೇ ಸುತ್ತು. ಒಂದು ಕಿಲೋವ್ಯಾಟ್ ಹೀಟರ್ ಹಾಕಿದ್ರೆ ಎರಡು ಗಂಟೆಗೆ ನಾಣ್ಯ ಖಲಾಸ್.

ಸ್ಕ್ರೂಡ್ರೈವರ್ ಸೀನ:

ಮೇಷ್ಟ್ರೇ ಅದ್ಭುತ, ಡಿಫರೆನ್ಷಿಯಲ್ ಅಂದ ಕೂಡ್ಲೆ ಅರ್ಧ ಕತ್ತಲೆ ಹರೀತು. ಆದ್ರೆ ಒಂದು ಡೌಟು, ಆ ತಟ್ಟೆ ಎಷ್ಟು ನಾಜೂಕು ಅಂದ್ರೆ ಬೆರಳು ತಾಗಿಸಿದ್ರೆ ನಿಂತೋಗುತ್ತೆ, ಅಂಥದ್ದು ಮನೆ ಪೂರ್ತಿ ಲೋಡ್ ಇರೋ ಸ್ವಿಚ್ಚನ್ನ ಹೇಗೆ ಎಳೆದು ಆಫ್ ಮಾಡುತ್ತೆ? ನನ್ನ ಬುದ್ಧಿಗೆ ಅದು ಆಗೋ ಕೆಲಸ ಅಲ್ಲ.

ಮೀಟರ್ ಮೇಷ್ಟ್ರು:

ಆಗಲ್ಲ, ಮಾಡೋದೂ ಇಲ್ಲ. ಈ ಡಬ್ಬಿಯಲ್ಲಿ ನಂಗೆ ಇಷ್ಟ ಆಗೋ ಜಾಗವೇ ಅದು.

ತಟ್ಟೆಗೆ ತಿರುಗೋ ಬಲ ಬರೋದು ಸುರುಳಿಗಳು ಅದರಲ್ಲಿ ಹುಟ್ಟಿಸೋ ಸುಳಿ ಕರೆಂಟಿನಿಂದ, ತೀರಾ ಅಲ್ಪ ಬಲ. ಅದಕ್ಕೆ ಒಂಚೂರು ಹೊರೆ ಹೊರಿಸಿದ್ರೂ ನಿಧಾನ ಆಗುತ್ತೆ, ನಿಧಾನ ಆದ್ರೆ ಕಮ್ಮಿ ಯೂನಿಟ್ ತೋರಿಸುತ್ತೆ, ಕಂಪನಿಗೆ ಲಾಸು. ಹಾಗಾಗಿ ಬೆವರು ಸುರಿಸೋ ಕೆಲಸ ಎಲ್ಲ ನಾಣ್ಯ ಹಾಕೋರ ಕೈಯಿಂದ ಮಾಡಿಸ್ಕೊಳ್ತಾರೆ. ನೀವು ಹಿಡಿಕೆ ತಿರುಗಿಸ್ತೀರಲ್ಲ, ಆಗ ಬರೀ ಗೇರ್ ಮುಂದೆ ಹೋಗೋದಲ್ಲ, ಸ್ವಿಚ್ ಮುಚ್ಚಿರದಿದ್ರೆ ಅದನ್ನ ಒಂದು ಗಟ್ಟಿ ಸ್ಪ್ರಿಂಗಿನ ವಿರುದ್ಧ ಒತ್ತಿ ಮುಚ್ಚಿ ಕೊಕ್ಕೆಗೆ ಸಿಕ್ಕಿಸೋದೂ ನಿಮ್ಮ ಕೈಯೇ. ಸ್ಪ್ರಿಂಗ್ ಬಿಗಿಯಾಗಿ ಕಾಯ್ತಾ ಕೂತಿರುತ್ತೆ. ತೋಳು ಸೊನ್ನೆಗೆ ಬಂದಾಗ ಆ ಕೊಕ್ಕೆಯನ್ನ ಸ್ವಲ್ಪ ಸರಿಸಿದ್ರೆ ಆಯ್ತು, ಉಳಿದಿದ್ದು ಸ್ಪ್ರಿಂಗ್ ನೋಡ್ಕೊಳ್ಳುತ್ತೆ.

ಇದರಲ್ಲಿ ಇನ್ನೊಂದು ಲಾಭ. ತೋಳು ಸೊನ್ನೆ ಕಡೆ ಬರೋದು ಎಷ್ಟು ನಿಧಾನ ಅಂದ್ರೆ ಕಣ್ಣಿಗೆ ಕಾಣಲ್ಲ. ಅದೇ ವೇಗದಲ್ಲಿ ಸ್ವಿಚ್ಚಿನ ಕಾಂಟ್ಯಾಕ್ಟ್ ಬಿಡಿಸಿದ್ರೆ ಮಧ್ಯದ ಗ್ಯಾಪಲ್ಲಿ ಕಿಡಿ ಹತ್ಕೊಂಡು ಬಹಳ ಹೊತ್ತು ಉರಿದು ಲೋಹ ಕರಗಿಹೋಗುತ್ತೆ. ಸ್ಪ್ರಿಂಗ್ ಆದ್ರೆ ಟಪ್ ಅಂತ ಒಂದೇ ಏಟಿಗೆ ಬಿಡಿಸುತ್ತೆ. ಹಾಗಾಗೇ ಈ ಮೀಟರುಗಳಲ್ಲಿ ಲೈಟ್ ಮಂಕಾಗಿ ಆರೋದು ಅನ್ನೋದಿಲ್ಲ, ಇದ್ದಕ್ಕಿದ್ದ ಹಾಗೆ ಕತ್ತಲು. ಮತ್ತೆ ಕಟ್ ಆದ ಮೇಲೆ ತಟ್ಟೆಯೂ ನಿಲ್ಲೋದ್ರಿಂದ ಸೊನ್ನೆಗಿಂತ ಕೆಳಗೆ ಹೋಗೋ ಪ್ರಶ್ನೆ ಬರಲ್ಲ, ಅಂದ್ರೆ ಸಾಲ ಅನ್ನೋದು ಇಲ್ಲ.

ಲಂಡನ್ನಿನ ಬಾಡಿಗೆದಾರ:

ಸಾಲ ಇಲ್ಲ ಅಂದ್ರಲ್ಲ ಮೇಷ್ಟ್ರೇ, ನಂಗೆ ಆ ಭಾಗ್ಯ ಇರ್ಲಿಲ್ಲ. ಓದೋಕೆ ಅಂತ ಅಲ್ಲಿದ್ದಾಗ ಒಂದು ರೂಮಲ್ಲಿ ಇದೇ ತರಹದ್ದು ಇತ್ತು, ಮನೆ ಓನರ್ ಹಾಕಿಸಿದ್ದು, ಪೌಂಡ್ ನಾಣ್ಯ ನುಂಗೋದು. ರಜಕ್ಕೆ ಹೋಗಿ ಬಂದೆ, ಎಲ್ಲ ಆಫ್ ಮಾಡೇ ಹೋಗಿದ್ದೆ, ಬಂದು ಒಂದು ನಾಣ್ಯ ಹಾಕಿದ್ರೆ ಲೈಟೇ ಹತ್ತಲ್ಲ. ಇನ್ನೊಂದು ಹಾಕ್ದೆ, ಇಲ್ಲ. ಸೂಟ್‌ಕೇಸ್ ಬಾಗಿಲಲ್ಲೇ ಇದೆ, ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಕೊಂಡು ಜೇಬೆಲ್ಲ ತಡಕಾಡಿ ಇನ್ನೊಂದು ಹಾಕಿದ ಮೇಲೆ ಬಂತು. ಕೇಳಿದ್ರೆ ಮಹಾನುಭಾವ "ಅದು ಹಾಗೇ" ಅಂದ. ಇದಕ್ಕೆ ಏನು ಕಾರಣ?

ಮೀಟರ್ ಮೇಷ್ಟ್ರು:

ನಿಮ್ಮದು ಫಿಕ್ಸೆಡ್ ಚಾರ್ಜ್ ವಸೂಲಿ ಇರೋ ಮೀಟರ್ ಇರಬಹುದು. ಯೂನಿಟ್ ದರದ ಜೊತೆ ವಾರಕ್ಕೆ ಇಷ್ಟು ಅಂತ ಬಾಡಿಗೆ ಇದ್ರೆ ಅದನ್ನೂ ನಾಣ್ಯದಿಂದಲೇ ಹಿಡಿಯೋಕೆ ಒಳಗೆ ಒಂದು ಪುಟ್ಟ ಸಿಂಕ್ರೋನಸ್ ಮೋಟಾರ್ ಇಡೋರು, ಗೋಡೆ ಗಡಿಯಾರದ ಮೋಟಾರ್ ಥರದ್ದೇ, ಮೇನ್ಸಿನ ಫ್ರೀಕ್ವೆನ್ಸಿಗೆ ಕಟ್ಟುಬಿದ್ದು ಒಂದೇ ವೇಗದಲ್ಲಿ ತಿರುಗ್ತಾ ಇರುತ್ತೆ. ಅದರ ತಿರುಗಾಟವನ್ನ ಇನ್ನೊಂದು ಡಿಫರೆನ್ಷಿಯಲ್ ಮೂಲಕ ಕಳೆಯೋ ಬದಿಗೆ ಸೇರಿಸಿದ್ರೆ ತಟ್ಟೆ ನಿಂತಿದ್ರೂ ತೋಳು ಹಿಂದೆ ಸರೀತಾನೇ ಇರುತ್ತೆ. ಮೋಟಾರನ್ನ ಸ್ವಿಚ್ಚಿನ ಈಚೆ ಮೇನ್ಸ್ ಬದಿಗೆ ಜೋಡಿಸಿದ್ರಂತೂ ಕರೆಂಟ್ ಕಟ್ ಆದ ಮೇಲೂ ಓಡುತ್ತೆ, ಸೊನ್ನೆ ದಾಟಿ ಬಾಕಿ ಕೂಡ್ತಾ ಹೋಗುತ್ತೆ. ನೀವು ಹಾಕಿದ ಮೊದಲ ನಾಣ್ಯಗಳು ಆ ಬಾಕಿಗೆ ಜಮಾ.

ಗ್ಯಾಸ್‌ಲೈಟ್ ಗಂಗಮ್ಮ:

ನೀವೆಲ್ಲ ಕರೆಂಟಿನಲ್ಲೇ ಮುಳುಗಿದ್ದೀರಿ, ಈ ನಾಣ್ಯದ ಮೀಟರ್ ಹುಟ್ಟಿದ್ದು ಗ್ಯಾಸಿಗೆ ಕಣ್ರಪ್ಪ. ಬರ್ಮಿಂಗ್‌ಹ್ಯಾಮಿನ ಬ್ರೌನ್‌ಹಿಲ್ ಅನ್ನೋನು 1887ರಲ್ಲಿ ಪೇಟೆಂಟ್ ತಗೊಂಡ. ಲಂಡನ್ನಿನ ಸೌತ್ ಮೆಟ್ರೋಪಾಲಿಟನ್ ಗ್ಯಾಸ್ ಕಂಪನಿ 1892ರಿಂದ ಕಾರ್ಮಿಕರ ಮನೆಗಳಿಗೆ ಹಾಕ್ತಾ ಹೋಯ್ತು. ಅಲ್ಲಿಯ ತನಕ ಗ್ಯಾಸ್ ಬಿಲ್ ಬರ್ತಿದ್ದದ್ದು ಮೂರು ತಿಂಗಳಿಗೊಂದು. ವಾರದ ಕೂಲಿಯಲ್ಲಿ ಬದುಕೋ ಮನೆ ಮೂರು ತಿಂಗಳ ಬಿಲ್ ಕಟ್ಟೋದು ಎಲ್ಲಿಂದ? ಕಂಪನಿಗಳೂ ಬಡವರ ಮನೆಗೆ ಪೈಪ್ ಎಳೆಯೋ ಗೋಜಿಗೆ ಹೋಗ್ತಿರ್ಲಿಲ್ಲ. ಪೆನ್ನಿ ಹಾಕಿ ಉರಿಸೋದು ಬಂದ ಮೇಲೆ ಪೈಪು, ದೀಪ, ಒಲೆ ಎಲ್ಲ ಕಂಪನಿಯವ್ರೇ ಕೈಯಿಂದ ಹಾಕಿಕೊಟ್ರು. ಪುಕ್ಕಟೆ ಏನಲ್ಲ, ಆ ಖರ್ಚೂ ಪೆನ್ನಿಯಲ್ಲೇ ಸೇರಿತ್ತು, ಒಂದು ಪೆನ್ನಿಗೆ ಬರ್ತಿದ್ದ ಗ್ಯಾಸು ಬಿಲ್ ಕಟ್ಟೋ ಶ್ರೀಮಂತರಿಗೆ ಸಿಕ್ಕೋದಕ್ಕಿಂತ ಕಮ್ಮಿ. ಬಡವ್ರು ಜಾಸ್ತಿ ರೇಟಿಗೆ ಕೊಳ್ಳೋದು ಅಲ್ಲೂ ತಪ್ಪಿಲ್ಲ ನೋಡಿ.

ಒಳಗಿನ ಕಥೆ ಹತ್ತಿರ ಹತ್ತಿರ ಮೇಷ್ಟ್ರು ಹೇಳಿದ್ದೇ. ಗ್ಯಾಸ್ ಮೀಟರಿನಲ್ಲಿ ತಟ್ಟೆ ಬದಲು ಚರ್ಮದ ತಿದಿಗಳು, ಒಂದು ತುಂಬುವಾಗ ಇನ್ನೊಂದು ಖಾಲಿ ಆಗುತ್ತೆ, ಒಂದು ಸುತ್ತಿಗೆ ಇಂತಿಷ್ಟೇ ಗ್ಯಾಸ್ ಅಂತ ಗೊತ್ತಿರುತ್ತೆ, ಅದು ಕ್ರ್ಯಾಂಕ್ ತಿರುಗಿಸುತ್ತೆ. ಪೆನ್ನಿ ಹಾಕಿ ತಿರುಗಿಸಿದ್ರೆ ವಾಲ್ವ್ ತೆರೆಯುತ್ತೆ, ತಿದಿ ಓಡ್ತಾ ಓಡ್ತಾ ವಾಲ್ವನ್ನ ಮುಚ್ಚೋ ಕಡೆ ತರುತ್ತೆ. ಇಲ್ಲಿ ಟಪ್ ಅಂತ ಮುಚ್ಚಬೇಕಾಗಿಲ್ಲ, ಕಿಡಿ ಹಾರೋ ಭಯ ಇಲ್ವಲ್ಲ. ಕೊನೆಗೆ ವಾಲ್ವ್ ಮೆಲ್ಲಗೆ ಕಿರಿದಾಗ್ತಾ ಬರುತ್ತೆ, ಜ್ವಾಲೆ ಕುಗ್ಗುತ್ತೆ, ಅಡುಗೆ ಮಾಡೋಳು ನೋಡಿ ಇನ್ನೊಂದು ಪೆನ್ನಿ ಹಾಕ್ತಾಳೆ.

ಅಪಾಯ ಇರೋದು ಆ ಪೆನ್ನಿಯಲ್ಲೇ. ರಾತ್ರಿ ಗ್ಯಾಸ್ ಮುಗಿದು ದೀಪ ಆರುತ್ತೆ, ತಿರುಪು ತೆರೆದೇ ಇದೆ, ಯಾರಿಗೂ ಗಮನ ಇಲ್ಲ. ಬೆಳಿಗ್ಗೆ ಬೇರೆಯೋರು ಯಾರೋ ಒಲೆಗೆ ಅಂತ ಪೆನ್ನಿ ಹಾಕ್ತಾರೆ, ಪಕ್ಕದ ರೂಮಿನ ಆರಿದ ದೀಪದಿಂದ ಗ್ಯಾಸ್ ಸುರಿಯೋಕೆ ಶುರು. ಆಗಿನದು ಕಲ್ಲಿದ್ದಲು ಗ್ಯಾಸು, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರ್ತಿತ್ತು, ನಿದ್ದೆಯಲ್ಲೇ ಜನ ಹೋಗಿಬಿಡೋರು. ಬ್ರಿಟನ್ ಪೂರ್ತಿ ನ್ಯಾಚುರಲ್ ಗ್ಯಾಸಿಗೆ ಬದಲಾಗಿದ್ದು 1967ರಿಂದ 1977ರ ತನಕ, ಆ ವಿಷ ತಪ್ಪಿದ್ದು ಆಗ. ಕರೆಂಟ್ ಮೀಟರಿಗೆ ಈ ಬಾಧೆ ಇಲ್ಲ, ಇಸ್ತ್ರಿಪೆಟ್ಟಿಗೆ ಆನ್ ಮಾಡಿ ಮರೆತು ಬಟ್ಟೆ ಸುಟ್ಕೊಂಡಿರಬಹುದು ಅಷ್ಟೇ.

ಸ್ಕ್ರೂಡ್ರೈವರ್ ಸೀನ:

ಗಂಗಮ್ಮೋರೇ ಇದು ಗೊತ್ತೇ ಇರ್ಲಿಲ್ಲ, ಥ್ಯಾಂಕ್ಸ್.

ಕವರ್ ತೆಗೆದೆ. ಮೇಷ್ಟ್ರು ಹೇಳಿದ ಹಾಗೇ ಇದೆ, ಎರಡು ಹಿತ್ತಾಳೆ ಚಕ್ರ ಮುಖಾಮುಖಿ, ಮಧ್ಯೆ ಕಡಲೆಕಾಳಿನಷ್ಟು ಗೇರು. ಶಿಲ್ಲಿಂಗ್ ಇಲ್ಲ, ಅದರ ಅಗಲ ಸುಮಾರು 23.6 ಮಿಲಿಮೀಟರ್ ಅಂತ ನೋಡಿ ತಗಡಲ್ಲಿ ಒಂದು ಬಿಲ್ಲೆ ಕತ್ತರಿಸಿ ಅರ ಹಾಕಿ ಉಜ್ಜಿದೆ. ತೂರಿಸಿ ತಿರುಗಿಸಿದ್ರೆ ಮೊದಲು ಕೈಗೆ ಗಟ್ಟಿ ಸಿಕ್ತು, ಆಮೇಲೆ ಕಟಕ್ ಅಂತ ಸ್ವಿಚ್ ಮುಚ್ಚಿದ ಸದ್ದು, ಮುಳ್ಳು ಒಂದು ಗೀಟು ಮೇಲೆ, ಬಿಲ್ಲೆ ಡಬ್ಬಿಗೆ. ಅದೇ ಬಿಲ್ಲೆ ತೆಗೆದು ಮತ್ತೆ ಮತ್ತೆ ಹಾಕಿದೆ, ಮುಳ್ಳು ಮೇಲಿನ ಕೊನೆ ಹತ್ರ ಹೋದಾಗ ಸೀಳಿಗೆ ಒಂದು ತಗಡು ಅಡ್ಡ ಬಂತು, ಇನ್ನು ಬಿಲ್ಲೆ ಹೋಗಲ್ಲ. ಇದ್ಯಾಕೆ? ಮತ್ತೆ ರೇಟ್ ಬದಲಾವಣೆ ಪ್ರಶ್ನೆ ಹಾಗೇ ಉಳಿದಿದೆ.

ಮೀಟರ್ ಮೇಷ್ಟ್ರು:

ಆ ತಗಡು ಜಮಾ ಮಿತಿಗೆ. ತೋಳು ಹೋಗೋಕೆ ಒಂದು ಕೊನೆ ಇದೆ, ಅದನ್ನ ದಾಟಿ ಯಾರಾದ್ರೂ ಬಲವಂತ ಮಾಡಿದ್ರೆ ಹಲ್ಲು ಮುರಿಯುತ್ತೆ, ಅಥವಾ ಮೀಟರ್ ನಾಣ್ಯ ನುಂಗಿ ಜಮಾ ಮಾಡ್ದೇ ಹೋದ್ರೆ ಜನ ಜಗಳಕ್ಕೆ ಬರ್ತಾರೆ. ಅದಕ್ಕೆ ಬಾಗಿಲು ಮುಚ್ಚೋದು.

ರೇಟ್ ಬದಲಾದ್ರೆ ಮೀಟರ್ ಬದಲಿಸಲ್ಲ, ಒಂದು ಗೇರ್ ಬದಲಿಸ್ತಾರೆ. ಮೇಲಿನ ಲೆಕ್ಕದಲ್ಲಿ ದರ ಡಬಲ್ ಆಯ್ತು ಅಂದ್ರೆ ನಾಣ್ಯಕ್ಕೆ ಒಂದೇ ಯೂನಿಟ್, ಅಂದ್ರೆ 4000 ಸುತ್ತಿಗೆ ಒಂದು ಅನ್ನೋದನ್ನ 2000ಕ್ಕೆ ಒಂದು ಮಾಡಿದ್ರೆ ಮುಗೀತು. ಆದ್ರೆ ಈ ಗೇರ್ ಯಾವ ಬದಿಯಲ್ಲಿದೆ ಅನ್ನೋದು ಮುಖ್ಯ, ಇದನ್ನ ಬಹಳ ಜನ ಗಮನಿಸಲ್ಲ. ಮೀಟರ್ ತಟ್ಟೆ ಬದಿಯಲ್ಲಿದ್ರೆ ತೋಳು ನೆನಪಿಟ್ಕೊಂಡಿರೋದು ದುಡ್ಡನ್ನ, ಮುಂಚೆ ಹಾಕಿದ ನಾಣ್ಯಕ್ಕೂ ಹೊಸ ರೇಟೇ ಬೀಳುತ್ತೆ. ನಾಣ್ಯದ ಬದಿಯಲ್ಲಿದ್ರೆ ತೋಳಿನಲ್ಲಿರೋದು ಯೂನಿಟ್ಟು, ಹಳೇ ನಾಣ್ಯದ ಯೂನಿಟ್ಟು ಹಾಗೇ ಉಳಿಯುತ್ತೆ. ನಿಮ್ಮ ಮುಳ್ಳಿನ ಹಿಂದಿನ ಗೀಟುಗಳ ಪಕ್ಕ ಶಿಲ್ಲಿಂಗ್ ಅಂತ ಬರೆದಿದೆಯೋ ಯೂನಿಟ್ ಅಂತಲೋ ನೋಡಿ, ಗೇರ್ ಎಲ್ಲಿ ಹುಡುಕಬೇಕು ಅನ್ನೋದು ಗೊತ್ತಾಗುತ್ತೆ.

ಲಂಡನ್ನಿನ ಬಾಡಿಗೆದಾರ:

ಪ್ರತಿ ಮನೆಗೂ ಹೋಗಿ ಗೇರ್ ಬದಲಿಸೋದು ಅಂದ್ರೆ ತಮಾಷೆನಾ? ಪಕ್ಕದ ಮನೆ ಅಜ್ಜಿ ಹೇಳ್ತಿದ್ರು, ಅವರ ಕಾಲದಲ್ಲಿ ಮೀಟರನ್ನ ಸ್ವಲ್ಪ ಜಾಸ್ತಿ ರೇಟಿಗೇ ಸೆಟ್ ಮಾಡಿ ಬಿಟ್ಟಿರೋರಂತೆ. ದುಡ್ಡು ವಸೂಲಿ ಮಾಡೋ ಕಂಪನಿಯವನು ಬಂದು ಡಬ್ಬಿ ಬೀಗ ತೆಗೆದು ಅಡುಗೆಮನೆ ಟೇಬಲ್ ಮೇಲೆ ಶಿಲ್ಲಿಂಗ್ ಎಲ್ಲ ಸುರಿದು ಗುಡ್ಡೆ ಗುಡ್ಡೆ ಎಣಿಸೋದು, ನಿಜವಾಗಿ ಉರಿದಿರೋ ಯೂನಿಟ್ಟಿಗೆ ಎಷ್ಟಾಯ್ತು ಅಂತ ಲೆಕ್ಕ ಹಾಕಿ ಮಿಕ್ಕಿದ್ದನ್ನ ಅಲ್ಲೇ ವಾಪಸ್ ಕೊಡೋದು. ಅಜ್ಜಿಗೆ ಅದೇ ಒಂದು ಉಳಿತಾಯ, ಮಕ್ಕಳಿಗೆ ಶೂ ತಗೋತಿದ್ದೆ ಅಂತಿದ್ರು. ತಮ್ಮದೇ ದುಡ್ಡು ಅನ್ನಿ. ವಾಷರ್ ಸಿಕ್ಕಿದ್ರೆ ಆ ಗುಡ್ಡೆಯಿಂದಲೇ ಮೈನಸ್ಸು.

ಇನ್ನೊಂದು, 1971ರ ಫೆಬ್ರವರಿ 15ಕ್ಕೆ ಅವರ ದುಡ್ಡು ದಶಮಾನಕ್ಕೆ ಬಂತಲ್ಲ, ಅಲ್ಲಿಯ ತನಕ 12 ಪೆನ್ನಿಗೆ ಶಿಲ್ಲಿಂಗ್, 20 ಶಿಲ್ಲಿಂಗಿಗೆ ಪೌಂಡ್. ಆಗ ಈ ಮೀಟರುಗಳ ಗತಿ ಏನಾಯ್ತು?

ಗ್ಯಾಸ್‌ಲೈಟ್ ಗಂಗಮ್ಮ:

ಶಿಲ್ಲಿಂಗಿನೋರು ಬಚಾವ್. ಹೊಸ 5 ಪೆನ್ಸ್ ನಾಣ್ಯವನ್ನ ಶಿಲ್ಲಿಂಗಿನ ಅಳತೆಯಲ್ಲೇ ಟಂಕಿಸಿದ್ರು, ಬೆಲೆಯೂ ಅಷ್ಟೇ, ಸೀಳಿಗೆ ವ್ಯತ್ಯಾಸವೇ ಗೊತ್ತಾಗ್ಲಿಲ್ಲ. ಸತ್ತೋರು ಪೆನ್ನಿ ಮೀಟರಿನೋರು, ಹಳೇ ಪೆನ್ನಿ ಸುಮಾರು 31 ಮಿಲಿಮೀಟರ್ ಅಗಲ, ಹೊಸದು 20 ಚಿಲ್ಲರೆ, ಅದನ್ನ ಹಾಕಿದ್ರೆ ಸೀದಾ ಕೆಳಗೆ. 1969ರಲ್ಲಿ ಬಂದ 50 ಪೆನ್ಸ್ ನಾಣ್ಯಕ್ಕೆ ಏಳು ಮೂಲೆ, ಅದು ಗೂಡಲ್ಲಿ ಹೇಗೆ ಕೂರುತ್ತೆ ಅಂತ ಆಶ್ಚರ್ಯ ಅಲ್ವಾ, ಬದಿಗಳನ್ನ ಎಷ್ಟು ಜಾಣತನದಿಂದ ಬಾಗಿಸಿದಾರೆ ಅಂದ್ರೆ ಯಾವ ಕಡೆಯಿಂದ ಅಳೆದ್ರೂ ಅಗಲ ಒಂದೇ. ಮುಂದೆ 1990ರಲ್ಲಿ 5 ಪೆನ್ಸನ್ನ 18 ಮಿಲಿಮೀಟರಿಗೆ ಕುಗ್ಗಿಸಿದ್ರು, ಅದೇ ವರ್ಷದ ಕೊನೆಗೆ ಹಳೇ ದೊಡ್ಡದು ಚಲಾವಣೆಯಿಂದಲೇ ಹೋಯ್ತು. ಆ ಹೊತ್ತಿಗೆ ಡಬ್ಬಿ ಒಡೆಯೋ ಕಳ್ಳರ ಕಾಟಕ್ಕೆ ಬೇಸತ್ತು ಕಂಪನಿಗಳೂ ಟೋಕನ್, ಕೀ, ಕಾರ್ಡ್ ಕಡೆ ಹೊರಳಿದ್ವು, ದುಡ್ಡು ಮನೆಯಲ್ಲಿ ಇಡೋ ಬದಲು ಅಂಗಡಿಯಲ್ಲೇ ಕಟ್ಟಿಸ್ಕೊಳ್ಳೋದು ಅಂತ.

ಸ್ಕ್ರೂಡ್ರೈವರ್ ಸೀನ:

ಗೀಟುಗಳ ಪಕ್ಕ ಶಿಲ್ಲಿಂಗ್ ಅಂತಲೇ ಇದೆ ಮೇಷ್ಟ್ರೇ, ಗೇರ್ ಸಿಕ್ತು, ತಟ್ಟೆ ಬದಿಯಲ್ಲೇ, ಒಂದೇ ಸ್ಕ್ರೂ ಬಿಚ್ಚಿದ್ರೆ ಈಚೆ ಬರುತ್ತೆ. ಒಂದು ಬಲ್ಬ್ ಹಾಕಿ ಮುಳ್ಳು ಇಳಿಯೋದು ನೋಡೋ ಆಸೆ, ಮೇನ್ಸ್ ಕೊಡ್ಲಾ?

ಮೀಟರ್ ಮೇಷ್ಟ್ರು:

ಬೇಡವೇ ಬೇಡ. ಹಳೇ ವೈರಿನ ಇನ್ಸುಲೇಷನ್ ಪುಡಿ ಆಗಿರುತ್ತೆ, ಲೋಹದ ಹಿಡಿಕೆ ಕೈಯಲ್ಲಿ ಹಿಡಿಯೋ ವಸ್ತು, ಒಳಗೆ ಎಲ್ಲಾದ್ರೂ ತಾಗಿದ್ರೆ ಕಥೆ ಮುಗೀತು. ತಟ್ಟೆಯಿಂದ ಎರಡು ಮೂರು ಗೇರ್ ಆಚೆ ಇರೋ ಚಕ್ರವನ್ನ ತಟ್ಟೆಯಿಂದ ಬಿಡಿಸಿ ಬೆರಳಲ್ಲಿ ಮೆಲ್ಲಗೆ ತಿರುಗಿಸಿ, ಮುಳ್ಳು ಇಳಿಯುತ್ತೆ, ಸೊನ್ನೆಗೆ ಬಂದಾಗ ಸ್ವಿಚ್ ಟಪ್ ಅನ್ನುತ್ತೆ. ಅಲ್ಲಿ ಅಂಟಿಕೊಂಡು ಬಿಡದಿದ್ರೆ ಕೊಕ್ಕೆಯ ಹಳೇ ಎಣ್ಣೆ ಗೋಂದಾಗಿರುತ್ತೆ, ಪೆಟ್ರೋಲಿಯಂ ಸ್ಪಿರಿಟ್ಟಲ್ಲಿ ತೊಳೆದು ಒಣಗಿಸಿ, ಹೊಸ ಎಣ್ಣೆ ಸೂಜಿ ಮೊನೆಯಷ್ಟು ಮಾತ್ರ. ಗೇರಿನ ಹಲ್ಲುಗಳಿಗೆ ಎಣ್ಣೆ ಹಚ್ಚೋಕೆ ಹೋಗ್ಬೇಡಿ, ಧೂಳು ಹಿಡಿದು ಮತ್ತೆ ಗಟ್ಟಿಯಾಗುತ್ತೆ.